ಹೊಲಿಗೆ ಮಷೀನಿನ ಮೀನು

“ಅಕ್ಕಾ, ಹವಳಗಿವಳ ಏನೂ ಕಾಣಲಿಲ್ಲ. ಆದ್ರೆ ಕೆಳಗೆ ಒಂದು ಹೊಲಿಗೆ ಮಷೀನಿದೆ. ಎಷ್ಟು ಚೆನ್ನಾಗಿದೆ ಗೊತ್ತಾ!” ಎಂದಳು ಕಡಲಿನಿಂದ ಎದ್ದು ಬಂದ ಪ್ರವಾಸಿ ಹೆಂಗಸು.

ದಂಡೆಯ ಕೊಡೆಯ ಕೆಳಗೆ ಕೂತು ನೀರಿನಡಿ ನೋಡುವ ಮಾಸ್ಕು, ಉಸಿರಾಡುವ ಪೈಪು ಬಾಡಿಗೆಗೆ ಕೊಡುತ್ತಿದ್ದ ದೋಣಿಯವನ ಹೆಂಡತಿಯ ಕೈ ಅಲ್ಲೇ ನಿಂತಿತು.

“ಯಾವ ಥರದ್ದು?”

“ಹಳೇದು, ಪಾಚಿ ಹತ್ತಿದೆ. ಡ್ರಾಯರಿಗೆ ಹಿಡಿ ಇಲ್ಲ, ಒಂದು ಚಮಚ ಬಗ್ಗಿಸಿ ಸಿಕ್ಕಿಸಿದಾರೆ. ಒಳಗಿಂದ ಪಟ್ಟೆ ಪಟ್ಟೆ ಮೀನು ಇಣುಕ್ತಾ ಇತ್ತು. ಇಂಥದ್ದೆಲ್ಲ ಯಾರಿಗೆ ಹೊಳೆಯುತ್ತೋ!”

ಯಾರಿಗೆ ಹೊಳೆದಿರಬಹುದೆಂದು ದೋಣಿಯವನ ಹೆಂಡತಿಗೆ ಆಗಲೇ ಹೊಳೆದಿತ್ತು. ಆ ಚಮಚ ಬಗ್ಗಿಸಿದ್ದು ಅವಳ ತಾಯಿ. ಮಷೀನು ಹೋದ ವರ್ಷ ಹಿತ್ತಲ ಜಗಲಿಯಿಂದ ಕಾಣೆಯಾಗಿತ್ತು. ಪಕ್ಕದ ಮನೆಯ ನಾದಿನಿ, ಅಂದರೆ ದೋಣಿಯವನ ಸ್ವಂತ ತಂಗಿ, ಹುಟ್ಟಲಿರುವ ಮಗುವಿಗೆ ಅಂಗಿ ಹೊಲಿಯಲೆಂದು ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಮಷೀನನ್ನು ಕೇಳಿದ್ದಳು. ಅಷ್ಟು ಸಾಕಾಯಿತು. “ಗುಂಡಿ ಹಾಕೋಕೆ ಬರದವಳಿಗೆ ನಮ್ಮಮ್ಮನ ಮಷೀನು ಯಾಕೆ ಬೇಕಿತ್ತೋ!” ಎಂದು ಇವಳು ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು. ತುಂಬು ಬಸುರಿ ಕಬ್ಬಿಣದ ಮಷೀನು ಹೊತ್ತದ್ದು ಹೇಗೆ ಎಂದು ಯಾರೂ ಕೇಳಲಿಲ್ಲ; ಸಿಟ್ಟಿಗೆ ತೂಕ ತಿಳಿಯುವುದಿಲ್ಲ. ಅಂದಿನಿಂದ ಎರಡು ಮನೆಗೆ ಮಾತಿಲ್ಲ, ಕತೆಯಿಲ್ಲ. ಮಗು ಹುಟ್ಟಿತು. ಅದರ ಅಳುವನ್ನು ಇವಳು ಗೋಡೆಯ ಈಚೆಯಿಂದಲೇ ಕೇಳಿಸಿಕೊಂಡಳು.

ಆ ದಂಡೆಯಲ್ಲಿ ಅವಳು ಮಾಸ್ಕು ಕಟ್ಟಿದ ಮುಖಗಳಿಗೆ ಲೆಕ್ಕವಿಲ್ಲ. ತಾನು ಮಾತ್ರ ಒಮ್ಮೆಯೂ ನೀರಿಗೆ ಮುಖ ಕೊಟ್ಟವಳಲ್ಲ. ಈಗ ಎಲ್ಲರಿಗೂ ಹೇಳಿಕೊಡುವಂತೆಯೇ, ಮಂಜು ಹಿಡಿಯದಿರಲೆಂದು ಗಾಜಿನ ಒಳಗೆ ಉಗುಳಿ, ಬೆರಳಲ್ಲಿ ಉಜ್ಜಿ, ಲೈಫ್ ಜಾಕೆಟ್ ಬಿಗಿದುಕೊಂಡು ಸೀದಾ ದೋಣಿ ಹತ್ತಿದಳು. ದೋಣಿಯವನು ತನ್ನ ಜಾಕೆಟ್ಟನ್ನು ಎಂದಿನಂತೆ ಮಡಚಿ ಅಡಿಗೆ ಹಾಕಿಕೊಂಡು ಕೂತಿದ್ದ. ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತಬಾರದೆಂದು ದಿನವಿಡೀ ಅರಚುವವನಿಗೆ ಅದು ದಿಂಬು. ಹೆಂಡತಿಯ ಮುಖ ನೋಡಿದ. ಎಲ್ಲಿಗೆ ಎಂದು ಕೇಳದೆ ಎಂಜಿನ್ ಎಳೆದ.

ಅವಳು ನೀರಿಗಿಳಿದು ತುಂಬ ಹೊತ್ತು ಬೋರಲು ತೇಲಿದಳು. ತಲೆ ಎತ್ತಿದಾಗ ಅವನೇ ಮೊದಲು ಬಾಯಿಬಿಟ್ಟ.

“ಹವಳ ಸತ್ತೋಯ್ತು. ಮೀನೆಲ್ಲ ದ್ವೀಪದ ಆಚೆ ಬದಿಗೆ ಹೋದ್ವು, ಜನಾನೂ ಅಲ್ಲಿಗೇ ಹೋದ್ರು. ಅಡಗಿಕೊಳ್ಳೋಕೆ ಏನಾದ್ರೂ ಇದ್ರೆ ಮೀನು ವಾಪಸ್ ಬರುತ್ತೆ ಅಂತ…”

“ವರ್ಷದಿಂದ ನಾನೂ ನಿಮ್ಮ ತಂಗೀನೂ ಮುಖ ಮುಖ ನೋಡ್ತಿಲ್ಲ. ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳೋಣ ಅಂತಲೇ ಬಂದೆ. ಅಷ್ಟರಲ್ಲಿ ನೀವಿಬ್ಬರೂ ಜಗಳ ಶುರು ಮಾಡಿದ್ರಿ. ಹೆಂಗಸರ ಮಧ್ಯೆ ಬಾಯಿ ಹಾಕಬಾರದು ಅಂತ ಸುಮ್ಮನಾದೆ.” ದೋಣಿಯಲ್ಲಿದ್ದ ಹಗ್ಗಕ್ಕೆ ಕೈ ಹಾಕಿದ: “ಬೇಕಾದ್ರೆ ಹಗ್ಗ ಹಾಕಿ ಎತ್ತಿಕೊಡ್ತೀನಿ.”

“ಬೇಡ. ಡ್ರಾಯರಲ್ಲಿ ಮೀನು ಮೊಟ್ಟೆ ಇಟ್ಟಿದೆ. ನಾಳೆ ನಿಮ್ಮ ತಂಗೀನ ಕರ್ಕೊಂಡು ಬನ್ನಿ, ಕಣ್ಣಾರೆ ನೋಡಲಿ. ನನ್ನ ಬಾಯಲ್ಲಿ ಹೇಳೋಕಾಗಲ್ಲ.”

ಮರುದಿನ ನಾದಿನಿ ಮಗುವನ್ನು ಗಂಡನ ಕೈಗೆ ಕೊಟ್ಟು ಬಂದಳು. ದೋಣಿಯಲ್ಲಿ ಈ ತುದಿಗೊಬ್ಬಳು, ಆ ತುದಿಗೊಬ್ಬಳು. ಅತ್ತಿಗೆ ಒಂದು ಮಾಸ್ಕಿಗೆ ಉಗುಳಿ ಉಜ್ಜಿ ಮುಂದೆ ಚಾಚಿದಳು. ನಾದಿನಿ ಅದನ್ನು ತೆಗೆದುಕೊಂಡು, ಕಡಲ ನೀರಲ್ಲಿ ಚೆನ್ನಾಗಿ ತೊಳೆದು, ತಾನೇ ಉಗುಳಿಕೊಂಡಳು.

ಪೈಪು ಕಚ್ಚಿಕೊಂಡವರು ಮಾತಾಡುವಂತಿಲ್ಲ. ಹಾಗಾಗಿ ಮೊದಲು ಮಾತಾಡಬೇಕಾದವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಇಬ್ಬರೂ ಪಕ್ಕ ಪಕ್ಕ ಬೋರಲು ತೇಲಿದರು. ಅತ್ತಿಗೆ ಕೆಳಗೆ ಬೆರಳು ತೋರಿಸಿದಳು. ನಾದಿನಿ ಮಷೀನು ನೋಡಿದಳು, ಚಮಚ ನೋಡಿದಳು, ಮೀನು ನೋಡಿದಳು. ಆಮೇಲೆ ಅವಳೂ ಬೆರಳು ತೋರಿಸಿದಳು, ಇನ್ನಷ್ಟು ಆಚೆಗೆ. ಅಲ್ಲಿ ಮರಳಲ್ಲಿ ಅರ್ಧ ಹೂತ ತಾಮ್ರದ ಹಂಡೆ. ಅದರ ಬಾಯಿಂದ ಆಕ್ಟೋಪಸ್ಸಿನ ಒಂದು ತೋಳು ಹೊರಬಂದು, ಏನೂ ಸಿಗದೆ ಒಳಗೆ ಹೋಯಿತು.

ಇಬ್ಬರೂ ತಲೆ ಎತ್ತಿ ಪೈಪು ತೆಗೆದರು.

“ನಮ್ಮನೆ ಸ್ನಾನದ ಹಂಡೆ,” ಎಂದಳು ನಾದಿನಿ. “ನಿಮ್ಮ ಮಷೀನಿಗಿಂತ ಮುಂಚೆ ಹೋಗಿತ್ತು. ನೀವೇ ತಗೊಂಡಿದೀರ ಅಂದ್ಕೊಂಡಿದ್ದೆ, ಅತ್ತಿಗೆ.”

“ಒಂದಿನಾನೂ ಕೇಳಲಿಲ್ಲವಲ್ಲೇ!”

“ದೊಡ್ಡೋರು. ಹೇಗೆ ಕೇಳೋದು ಅಂತ.”

ಬೀದಿಯಲ್ಲಿ ನಿಂತು ತಾನು ಕೂಗಿದ್ದು ಅತ್ತಿಗೆಗೆ ನೆನಪಾಯಿತು. ನಾಚಿಕೆಯಾಯಿತು, ಅಳು ಬಂತು. ಮಾಸ್ಕಿನೊಳಗೆ ನೀರು ತುಂಬತೊಡಗಿತು.

“ಹಾಳಾದ್ದು, ಇದು ಸೋರ್ತಿದೆ,” ಎಂದಳು.

“ಹೂಂ, ನಂದೂ ಸೋರ್ತಿದೆ,” ಎಂದಳು ನಾದಿನಿ. “ಹೋಗೋಣ ನಡೀರಿ. ಮಗು ಎದ್ದಿರುತ್ತೆ. ನೀವಿನ್ನೂ ನೋಡೇ ಇಲ್ಲವಲ್ಲ.”

ಆಮೇಲೆ ಏನೋ ನೆನಪಾದವರಂತೆ ಇಬ್ಬರೂ ಒಟ್ಟಿಗೆ ದೋಣಿಯ ಕಡೆ ತಿರುಗಿದರು. ದೋಣಿಯವನು ಅಡಿಯಲ್ಲಿದ್ದ ಲೈಫ್ ಜಾಕೆಟ್ಟನ್ನು ಎಳೆದುಕೊಂಡು, ಕೊಡವಿ, ತೊಟ್ಟು, ಅದರ ಪಟ್ಟಿಗಳನ್ನು ಒಂದೊಂದಾಗಿ ಬಿಗಿಯತೊಡಗಿದ.