ಮುಚ್ಚಳದ ಮೇಲಿನ ಹೆಸರು

ಮುಚ್ಚಳದ ಮೇಲೆ ತಮ್ಮ ಹೆಸರು ಬರೆದುಕೊಂಡಿದ್ದ ಗಾಜಿನ ತಟ್ಟೆಯನ್ನು ಪಿಎಚ್‌ಡಿ ಗೈಡ್ ಲ್ಯಾಬಿಗೆ ಬಂದಿದ್ದ ಅತಿಥಿ ವಿಜ್ಞಾನಿಯ ಕೈಗಿತ್ತರು. ಒಳಗೆ ಬ್ಯಾಕ್ಟೀರಿಯಾದ ಒಂದೇ ಒಂದು ಬಿಳಿ ಚುಕ್ಕೆ.

“ಸಕ್ಕರೆ ಅರಗಿಸೋ ಜೀನಿನ ಸ್ವಿಚ್ಚೇ ಕೆಟ್ಟಿತ್ತು. ತಟ್ಟೇಲಿ ಆ ಸಕ್ಕರೆ ಬಿಟ್ರೆ ಬೇರೆ ಆಹಾರ ಇಲ್ಲ, ಇದು ಸಾಯಬೇಕಿತ್ತು. ಆ ದೋಷ ಈಗಲೂ ಹಾಗೇ ಇದೆ. ಬೇರೆ ಕಡೆ ಇನ್ನೊಂದು ದೋಷ ಹುಟ್ಟಿ ಅದನ್ನ ಮುಚ್ಚಿಹಾಕಿದೆ, ಅದಕ್ಕೇ ಬದುಕಿದೆ. ನಾನೇ ಹುಡುಕಿದ್ದು.”

ಮುಚ್ಚಳಗಳು ಅದಲುಬದಲಾಗುತ್ತವೆಂದು ಲ್ಯಾಬಿನಲ್ಲಿ ಪ್ರಯೋಗ ಮಾಡಿದವರ ಹೆಸರು ಬರೆಯುವುದು ತಟ್ಟೆಯ ತಳದಲ್ಲಿ. ಮುಖ್ಯಸ್ಥರ ಕುರ್ಚಿ ಹತ್ತಿದ ಮೇಲೆ ತಟ್ಟೆಯನ್ನೇ ಮುಟ್ಟದ ಗೈಡ್‌ಗೆ ಅದು ಮರೆತೇ ಹೋಗಿತ್ತು. ಅತಿಥಿ ತಟ್ಟೆ ತಿರುಗಿಸಿದರು. ಅಲ್ಲಿದ್ದದ್ದು ಬೇರೆ ಹೆಸರು.

“ಇದು ಯಾರದ್ದು?”

ಗೈಡ್ ಮುಖ ಬಿಳುಚಿತು. ಮೂಲೆಯಲ್ಲಿದ್ದ ವಿದ್ಯಾರ್ಥಿನಿ ಮುಂದೆ ಬಂದಳು. ಅವಳ ಥೀಸಿಸ್‌ಗೆ ಗೈಡ್ ಸಹಿ ಇನ್ನೂ ಬಿದ್ದಿರಲಿಲ್ಲ.

“ನನ್ನ ಹೆಸರೇ ಸರ್. ಬರೆದಿದ್ದಷ್ಟೇ ನಾನು, ಹುಡುಕಿದ್ದು ಅವರೇ.”

ಗೈಡ್ ಮುಖಕ್ಕೆ ಮತ್ತೆ ಜೀವ ಬಂತು.