ಗಾಜಿನ ಗೋಡೆಗಳು

ನಗರಸಭೆ ಚುನಾವಣೆಗೆ ನಾಮಪತ್ರ ಹಾಕಿದವರ ಮನೆಗೋಡೆಗಳೆಲ್ಲ ಮರುದಿನವೇ ಗಾಜಾಗುತ್ತಿದ್ದವು. ಗೆದ್ದರೆ ಐದು ವರ್ಷ ಗಾಜು, ಸೋತರೆ ಅಂದೇ ಸಂಜೆ ಮತ್ತೆ ಇಟ್ಟಿಗೆ. ಎಲ್ಲರಿಗೂ ಸೂರು, ಹೆಣ್ಣುಮಕ್ಕಳಿಗೆ ರಕ್ಷಣೆ, ಏನನ್ನೂ ಬಚ್ಚಿಡದ ಆಡಳಿತ ಎಂದು ಓಣಿ ಓಣಿ ಸುತ್ತಿದ್ದ ಪ್ರಫುಲ್ಲಾ, ಮತ ಎಣಿಕೆಯ ಬೆಳಿಗ್ಗೆ ಕೂತಲ್ಲಿ ಕೂರಲಾರದೆ ಮನೆಯೊಳಗೇ ಅಡ್ಡಾಡುತ್ತಿದ್ದಳು. ಹಿಂದಿನ ಓಣಿಯ ಹುಲಿಗೆಮ್ಮ ಒಳಗೆ ಬಂದಳು.

“ಅಕ್ಕಾರ, ಮುಂದಿನ ಸಲ ನಾನೂ ನಾಮಪತ್ರ ಹಾಕ್ತೀನ್ರಿ.”

“ಗೆಲ್ತೀಯೇನವ್ವಾ?”

“ಗೆಲ್ಲಾಕಲ್ರೀ, ಗ್ವಾಡಿ ಗಾಜಾಗ್ಲಿ ಅಂತ. ನನ್ನ ಗಂಡ ಕೈ ಎತ್ತಿದ್ರ ಓಣಿ ಮಂದಿಗೆಲ್ಲ ಕಾಣ್ತೈತಿ.”

ಅಡುಗೆಮನೆಯಲ್ಲಿ ಪ್ರಫುಲ್ಲಾಳ ಗಂಡ, ಬೀದಿಗೆ ಕಾಣುವಂತೆ ನಗುನಗುತ್ತ ಚಹಾ ಸೋಸುತ್ತಿದ್ದ. ಪ್ರಫುಲ್ಲಾ ದನಿ ತಗ್ಗಿಸಿದಳು.

“ನಾನು ಹಾಕಿದ್ದೂ ಅದಕ್ಕ. ಇವತ್ತ ಸೋತ್ರ, ಸಂಜಿಗೆ ಇಟ್ಟಂಗಿ ಬರ್ತಾವ.”