ಖಾಲಿ ಲಾರಿ

"ಮಾವ, ಇವಳಿಗೆ ಬೆಳಗ್ಗೆಯಿಂದ ಹೊಟ್ಟೆನೋವು. ತಡ ಮಾಡ್ದೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂದ್ರು ಡಾಕ್ಟರು. ಬೇರೆ ಯಾವ ಗಾಡಿನೂ ಇಲ್ಲಿಗೆ ಹತ್ತಲ್ಲ, ನಮ್ಮ ಲಾರೀಲೇ ಇಳೀತೀವಿ. ನೀವು ಕಾರು ರೆಡಿ ಇಟ್ಕೊಂಡಿರಿ," ಎಂದವನೇ ಅಳಿಯ ಫೋನಿಟ್ಟ. ಮೇಸ್ತ್ರಿಯ ಮಗಳಿಗೆ ಆಗ ಏಳನೇ ತಿಂಗಳು.

ಟಾರು ರಸ್ತೆ ಮುಗಿದು ಗುಡ್ಡದ ದಾರಿ ಶುರುವಾಗುವಲ್ಲೇ ಮೇಸ್ತ್ರಿಯ ಗ್ಯಾರೇಜು. ಗುಡ್ಡದ ಮೇಲೆ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಅಳಿಯ ಅಲ್ಲಿಗೆ ಸಿಮೆಂಟು ಸಾಗಿಸುವ ಲಾರಿಯ ಡ್ರೈವರು. ಮಗಳ ಸಂಸಾರವೂ ಅಲ್ಲಿನ ತಗಡಿನ ಮನೆಯಲ್ಲೇ. ಅದನ್ನು ದಾರಿ ಎಂದು ಕರೆಯುವುದು ಬರೀ ಮರ್ಯಾದೆಗೆ. ಉದ್ದಕ್ಕೂ ಬಂಡೆ, ಕೊರಕಲು, ಹಳ್ಳ.

"ಆ ದಾರೀಲಿ ಲಾರಿ ಸರಿಯಾಗಿ ಇಳಿಯತ್ತೇನ್ರೀ?" ಹೆಂಡತಿ ಸೆರಗಿನ ತುದಿ ಹಿಂಡುತ್ತ ಕೇಳಿದಳು.

"ನಾನು ಗಟ್ಟಿ ಮಾಡಿ ಕಳಿಸಿರೋ ಗಾಡಿ ಕಣೇ ಅದು. ಗುಡ್ಡ ಮುರಿದರೂ ಅದು ಮುರಿಯಲ್ಲ."

ಬಡಾಯಿಯೇನಲ್ಲ. ಹೋದ ತಿಂಗಳಷ್ಟೇ ಲಾರಿಯನ್ನು ಗ್ಯಾರೇಜಿಗೆ ತರಿಸಿಕೊಂಡು, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗಕ್ಕೆ ದಪ್ಪ ಕಬ್ಬಿಣದ ಹಲಗೆ ಬೆಸೆದಿದ್ದ. ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡನ್ನು ಕಿತ್ತು, ಮಣಿಕಟ್ಟಿನಷ್ಟು ದಪ್ಪದ್ದು ಹಾಕಿದ್ದ. ಇನ್ನು ಹಿಂದೆ ಸ್ಪ್ರಿಂಗಿನಂತೆ ಭಾರ ಹೊರುವ ಕಮಾನು ಪಟ್ಟಿಗಳ ಕಥೆ ಕೇಳುವುದೇ ಬೇಡ. "ಸಾಕು ಮಾವ, ಇಷ್ಟೊಂದು ಯಾಕೆ?" ಎಂದು ಅಳಿಯ ಬೇಡಿಕೊಂಡರೂ ಬಿಡದೆ ಒಂದರ ಕೆಳಗೊಂದು ಪಟ್ಟಿ ಸೇರಿಸುತ್ತಲೇ ಹೋಗಿದ್ದ. "ನನ್ನ ಮಗಳು ಓಡಾಡೋ ಗಾಡಿ, ನೀನು ಬಾಯಿ ಮುಚ್ಕೊಂಡಿರಯ್ಯ," ಎಂದು ಗದರಿದ್ದ ಬೇರೆ.

ಕಾರಿನ ಹಿಂದಿನ ಸೀಟಿಗೆ ದಿಂಬು ಇಡುತ್ತಿದ್ದ ಮೇಸ್ತ್ರಿಯ ಕೈ ಹಾಗೇ ನಿಂತಿತು. ಕೆಲಸ ಮುಗಿದ ದಿನ ಆ ಲಾರಿಯನ್ನು ಒಂದು ಸುತ್ತು ಓಡಿಸಿ ನೋಡಿದ್ದು ನೆನಪಾಯಿತು. ಒಂದು ಸಣ್ಣ ಗುಂಡಿಗೆ ಹಿಂದಿನ ಚಕ್ರ ಬಿದ್ದದ್ದೇ ತಡ, ಅವನ ತಲೆ ಹೋಗಿ ಚಾವಣಿಗೆ ಬಡಿದಿತ್ತು. ಅಷ್ಟೊಂದು ಪಟ್ಟಿ ಬಗ್ಗಬೇಕಾದರೆ ಮೇಲೆ ಭಾರ ಬೀಳಬೇಕು. ಲೋಡು ಇದ್ದರೆ ತೊಟ್ಟಿಲು, ಖಾಲಿ ಇದ್ದರೆ ಬರೀ ಎತ್ತಿ ಎತ್ತಿ ಕುಕ್ಕುವುದೇ. ಆಗ ಅದನ್ನೇ ದೊಡ್ಡ ತಮಾಷೆ ಮಾಡಿಕೊಂಡು, "ಖಾಲಿ ಇಳಿಯೋವಾಗ ಒಂಚೂರು ಕುಣಿಯತ್ತೆ. ವಯಸ್ಸಿನ ಹುಡುಗ, ನಿನಗೇನು ಕಷ್ಟ?" ಎಂದಿದ್ದ.

ಸಿಮೆಂಟು ಮೇಲೆ ಹೋಗುತ್ತದೆ. ಕೆಳಗೆ ಬರುವುದು ಯಾವತ್ತೂ ಖಾಲಿ ಲಾರಿಯೇ. ಅಂಥ ಲಾರಿಯಲ್ಲಿ ಈಗ ಏಳು ತಿಂಗಳ ಬಸುರಿ ಮಗಳು. ಮೇಸ್ತ್ರಿ ದಿಂಬನ್ನು ಅಲ್ಲೇ ಬಿಸಾಡಿದ. ಅಳಿಯನಿಗೆ ಫೋನು ಮಾಡಿದ, ಸಿಗಲಿಲ್ಲ. ಮತ್ತೆ ಮತ್ತೆ ಮಾಡಿದ. ಪ್ರೀತಿಯಿಂದ ಸೇರಿಸಿದ ಒಂದೊಂದು ಪಟ್ಟಿಯೂ ಈಗ ಅವನ ಎದೆಗೇ ಬಂದು ಬಡಿಯುತ್ತಿತ್ತು.

ಕೊನೆಗೂ ತಿರುವಿನಲ್ಲಿ ಲಾರಿ ಕಂಡಿತು. ಆಮೆ ನಡಿಗೆ. ಹಿಂದೆ ನೋಡಿದರೆ ಕಾಲಿಡಲು ಜಾಗವಿಲ್ಲದಷ್ಟು ಜನ! ಮೇಸ್ತ್ರಿಗೆ ನಖಶಿಖಾಂತ ಉರಿದುಹೋಯಿತು. ದಾರಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಹತ್ತಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಬಂದಿದ್ದಾನೆ, ಅದಕ್ಕೇ ಇಷ್ಟು ತಡ.

"ಇಂಥ ಹೊತ್ತಲ್ಲೂ ನಿಂಗೆ ಬಾಡಿಗೆ ಬೇಕಿತ್ತೇನೋ? ಹೊಟ್ಟೆಗೇನು ತಿಂತೀಯ ನೀನು?"

"ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ ಮಾವ. ಮೊದ್ಲು ಕಾರಿನ ಬಾಗಿಲು ತೆಗೀರಿ."

ಅಳಿಯ ಅವಳನ್ನು ಎತ್ತಿಕೊಂಡೇ ಇಳಿಸಿದ. ಮಗಳ ಮುಖ ಬಾಡಿತ್ತು, ಆದರೂ ನಕ್ಕಳು. "ಅಪ್ಪ, ಕೂಗಾಡ್ಬೇಡ. ನೋವು ಎಷ್ಟೋ ವಾಸಿ." ತಾಯಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ಅಳಿಯ ಕಾರು ಹೊರಡಿಸಿದ. ಮೇಸ್ತ್ರಿ ಒಬ್ಬನೇ ಉಳಿದ, ಎದುರಿಗೆ ಲಾರಿ ತುಂಬ ಜನ. ಅವರ ಮುಖ ನೋಡಲೂ ಮನಸ್ಸಾಗದೆ ಒಳಗೆ ಹೋಗಿ ಹಳೇ ಟೈರಿನ ಮೇಲೆ ಕುಳಿತ.

ಯುಗವೇ ಕಳೆದ ಮೇಲೆ ಹೆಂಡತಿಯ ಫೋನು ಬಂತು. "ರೀ, ಮಗು ಎದೆಬಡಿತ ಚೆನ್ನಾಗಿದ್ಯಂತೆ. ಅವಳ ನೋವೂ ನಿಂತಿದೆ. ನಾಲ್ಕು ದಿನ ಇಲ್ಲೇ ಮಲಗಿರ್ಲಿ ಅಂದ್ರು, ಅಷ್ಟೇ." ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಕೈಗೆ ಸಿಕ್ಕಿದ ಗ್ರೀಸಿನ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡ.

ಹೊರಗೆ ಬಂದರೆ ಆ ಜನ ಒಬ್ಬರೂ ಕದಲಿರಲಿಲ್ಲ. ಲಾರಿಯ ನೆರಳಿನಲ್ಲಿ ಗುಂಪಾಗಿ ಕುಳಿತಿದ್ದರು. ಅಣೆಕಟ್ಟಿನ ಕೆಲಸದವರಿಗೆ ಬೇಯಿಸಿ ಹಾಕುವ ದಢೂತಿ ಹೆಂಗಸು ಎದ್ದು ಬಂದಳು. "ಹುಡುಗಿ ಹೇಗಿದಾಳಂತೆ?"

"ತಾಯಿ, ಮಗು ಇಬ್ರೂ ಚೆನ್ನಾಗಿದಾರಂತೆ."

ಗುಂಪಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಒಬ್ಬ ಮುದುಕ ಟೋಪಿ ತೆಗೆದು ಮೇಲಕ್ಕೆಸೆದ. ಮೇಸ್ತ್ರಿಯ ಮನಸ್ಸು ಕರಗಿತು. ಅಳಿಯನ ಮೇಲಿನ ಸಿಟ್ಟು ಇವರ ಮೇಲೇಕೆ ಎನಿಸಿತು.

"ನಮ್ಮ ಗಡಿಬಿಡೀಲಿ ನಿಮ್ಮನ್ನ ನಡುದಾರೀಲಿ ಬಿಟ್ಟ ಹಾಗಾಯ್ತಮ್ಮ. ಎಲ್ಲೆಲ್ಲಿಗೆ ಹೋಗ್ಬೇಕು ಹೇಳಿ, ನಾನೇ ಬಿಟ್ಟು ಬರ್ತೀನಿ."

ಅಡುಗೆಯವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಎಲ್ಲಿಗೂ ಇಲ್ಲ ಮೇಸ್ತ್ರಿ, ವಾಪಸ್ ಗುಡ್ಡಕ್ಕೇ. ಖಾಲಿ ಗಾಡಿ ಕುಕ್ಕತ್ತೆ, ಹುಡುಗಿ ತಡ್ಕೊಳಲ್ಲ ಅಂದ ನಿಮ್ಮಳಿಯ. ಕಲ್ಲು ತುಂಬೋಕೆ ಹೊತ್ತಿರ್ಲಿಲ್ಲ. ಕೈಲಿದ್ದ ಕೆಲಸ ಬಿಟ್ಟು ಎಲ್ರೂ ಹತ್ತಿ ಕೂತ್ವಿ. ಈ ಸಲ ನಾವೇ ಲೋಡು."